ಸೂರಿನ ಮೇಲೆ ಚಾಚಿದ ಕೊಂಬೆ ಇಳಿಸುವಾಗ

ಮರ ತೆಗೆಯಲು ಹೋದಾಗ ಮನೆಯವರು ಗರಗಸ ನೋಡುತ್ತಾರೆ. ನಾನು ಹಗ್ಗ ಎಲ್ಲಿ ಕೂರುತ್ತದೆ ಅಂತ ನೋಡುತ್ತೇನೆ. ಕೆಳಗೆ ಖಾಲಿ ಅಂಗಳವಿದ್ದರೆ ಸುಮ್ನೆ ಕಡಿದು ಬೀಳಿಸಿದರೆ ಆಯ್ತು. ಹೆಂಚಿನ ಮೇಲೆ ಚಾಚಿದ ಹಲಸಿನ ಕೊಂಬೆಯದು ಬೇರೆ ಕತೆ, ಅದನ್ನು ಹಗ್ಗಕ್ಕೆ ಕಟ್ಟಿ ಇಳಿಸಬೇಕು.

ಸಣ್ಣ ಕೊಂಬೆಗಳಿಗೆ ಹಗ್ಗ ಹಾಯಿಸಲು ಮೇಲಿನ ಕವಲೇ ಸಾಕು. ಹಗ್ಗ ಅಲ್ಲಿ ಉಜ್ಜುತ್ತಾ ಇಳಿಯುವುದರಿಂದ ಕೆಳಗೆ ಹಿಡಿದವರಿಗೆ ಭಾರ ಕಡಿಮೆ. ಆದರೆ ಹಗ್ಗ ಸವೆಯುತ್ತದೆ. ದಪ್ಪ ತುಂಡಿಗೆ ರಾಟೆ ಕಟ್ಟುತ್ತೇನೆ. ಇಲ್ಲೊಂದು ಲೆಕ್ಕವನ್ನು ಜನ ಮರೆಯುತ್ತಾರೆ. 50 ಕಿಲೋ ತುಂಡು ಸುಮ್ಮನೆ ತೂಗಿದರೂ ರಾಟೆ ಕಟ್ಟಿದ ಜಾಗಕ್ಕೆ ಹೆಚ್ಚುಕಡಿಮೆ 100 ಕಿಲೋ ಬೀಳುತ್ತದೆ. ಒಂದು ಕಡೆ ತುಂಡು, ಇನ್ನೊಂದು ಕಡೆ ಕೆಳಗೆ ಹಿಡಿದವರ ಅಷ್ಟೇ ಎಳೆತ. ಬಿದ್ದು ಜಗ್ಗಿ ನಿಂತರೆ ಇನ್ನೂ ಎಷ್ಟೋ ಜಾಸ್ತಿ. ಹತ್ತಿದವನೂ ಅದೇ ಮರದಲ್ಲಿ ಇರುತ್ತಾನೆ, ಅಲ್ವಾ? ಅದಕ್ಕೇ ತುಂಡು ಚಿಕ್ಕದಿರಲಿ, ಸಾಧ್ಯವಾದಷ್ಟೂ ರಾಟೆ ಕಡಿಯುವ ಜಾಗಕ್ಕಿಂತ ಮೇಲಿರಲಿ ಅಂತ ಹಠ ಹಿಡಿಯುತ್ತೇನೆ.

ಕೆಳಗಿನ ಹಗ್ಗವನ್ನು ಬರೀ ಕೈಬಲದ ಮೇಲೆ ಹಿಡಿಯಲು ಯಾರಿಗೂ ಬಿಡುವುದಿಲ್ಲ. ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಸ್ವಲ್ಪ ಸ್ವಲ್ಪವೇ ಬಿಡಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೊಗಟೆ ಜಾರುತ್ತದೆ, ಆಗ ಇನ್ನೊಂದು ಸುತ್ತು. ತುಂಬ ಬಿಗಿಯಾದರೆ ತುಂಡು ಥಟ್ಟನೆ ನಿಂತು ಇಡೀ ಮರವನ್ನೇ ಅಲ್ಲಾಡಿಸುತ್ತದೆ. ಓಡಲು ಬಿಟ್ಟು ನಿಧಾನಕ್ಕೆ ನಿಲ್ಲಿಸಲು ಗೊತ್ತಿರುವವರನ್ನೇ ಹಗ್ಗಕ್ಕೆ ನಿಲ್ಲಿಸುತ್ತೇನೆ. ಮರ ಹತ್ತುವುದಕ್ಕಿಂತ ಕಷ್ಟದ ಕೆಲಸ ಅದು.

ಒಳಗೆ ಟೊಳ್ಳಾದ, ಗೆದ್ದಲು ತಿಂದ ಮರಕ್ಕೆ ರಾಟೆ ಕಟ್ಟುವುದೇ ಇಲ್ಲ. ಕ್ರೇನ್ ಬರಲು ದಾರಿ ಇದೆಯಾ ಅಂತ ಕೇಳುತ್ತೇನೆ.