ಡ್ರಮ್ಮಿಗೆ ಹೊದಿಸಿದ ಕಂಬಳಿ

ಹೋದ ಡಿಸೆಂಬರ್ 31ರ ರಾತ್ರಿ ಒಂಬತ್ತೂವರೆಗೆ ನಮ್ಮ ಹಿತ್ತಲಲ್ಲಿ ಹನ್ನೊಂದು ಜನ ತಟ್ಟೆ ಹಿಡಿದು ನಿಂತಿದ್ದರು. ಹೊಗೆಯಲ್ಲಿ ಮಾಂಸ ಬೇಯಿಸೋಕೆ ನಾನು ಮಾಡಿಕೊಂಡ ಡ್ರಮ್ಮಿನೊಳಗಿದ್ದ ಕುರಿ ಮುಂಗಾಲು ಮಾತ್ರ ಇನ್ನೂ ಬೆಂದಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಇಟ್ಟಿದ್ದು, ಏಳೂವರೆ ಗಂಟೆ ಹೊಗೆ ಕುಡಿದರೂ ಮಾಂಸ ಮೂಳೆ ಬಿಡಲಿಲ್ಲ. ಕೊನೆಗೆ ಅಮ್ಮ ಅದನ್ನು ಎತ್ತಿಕೊಂಡು ಹೋಗಿ ತುಂಡು ಮಾಡಿ ಕುಕ್ಕರಿಗೆ ಹಾಕಿ, ನಾಲ್ಕು ಕೂಗು ಕೂಗಿಸಿ, ಮುದ್ದೆ ಜೊತೆ ಬಡಿಸಿದರು. ಎಲ್ಲರೂ ಚೆನ್ನಾಗಿದೆ ಅಂದರು. ಹಾಗಂದಿದ್ದೇ ನನಗೆ ಜಾಸ್ತಿ ಚುಚ್ಚಿತು.

ನಮ್ಮ ಮನೆ ಚಿಕ್ಕಬಳ್ಳಾಪುರದ ಅಂಚಿನಲ್ಲಿದೆ, ನಮ್ಮ ಕಾಂಪೌಂಡ್ ದಾಟಿದರೆ ಬರೀ ತೋಟ. ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಜನವರಿಯಲ್ಲಿ ಎಷ್ಟೋ ದಿನ ಬೆಳಗ್ಗೆ ಎಂಟಾದರೂ ಸ್ಕಂದಗಿರಿ ಮಂಜಿನಿಂದ ಆಚೆ ಬರಲ್ಲ. ಹಾಗಾಗಿ ಅವತ್ತು ನಾನು ಚಳಿಯನ್ನೇ ಬೈದುಕೊಂಡೆ. ಆಮೇಲೆ ನೋಡಿದರೆ ಚಳಿಯ ತಪ್ಪು ಅದರಲ್ಲಿ ಕಮ್ಮಿ, ಕಳ್ಳತನ ಮಾಡಿದ್ದು ಗಾಳಿ.

ನನ್ನ ಸ್ಮೋಕರ್, ಅಂದರೆ ಈ ಹೊಗೆ ಒಲೆ, ಏನೂ ದೊಡ್ಡದಲ್ಲ. 200 ಲೀಟರಿನ ಕಬ್ಬಿಣದ ಡ್ರಮ್ಮು, ಒಳಗೆ ಬೆಂಕಿ ಹಾಕಿ ಬಣ್ಣವೆಲ್ಲ ಸುಟ್ಟು ತೆಗೆದಿದ್ದು. ಕೆಳಗೆ ಮೂರು ಗಾಳಿ ತೂತು, ತಳದಲ್ಲಿ ಕೆಂಡದ ಬುಟ್ಟಿ, ಮೇಲೆ ಜಾಲರಿ, ಅದರ ಮೇಲೆ ಮುಚ್ಚಳ, ಮುಚ್ಚಳದ ಒಂದು ಅಂಚಿಗೆ ಹೊಗೆ ಕೊಳವೆ. ಉರಿಸುವುದು ಇದ್ದಿಲು. ಹೊಗೆಗೆ ಸೀಬೆ ಕೊಂಬೆ, ಸಿಕ್ಕಿದರೆ ದ್ರಾಕ್ಷಿ ಕಡ್ಡಿ. ನಮ್ಮ ಕಡೆ ದ್ರಾಕ್ಷಿ ತೋಟಕ್ಕೇನು ಬರ, ಬೆಂಗಳೂರು ಬ್ಲೂ ಬೆಳೆಯುವ ಸೀಮೆಯೇ ಇದು. ಬಳ್ಳಿ ಕತ್ತರಿಸುವ ಹೊತ್ತಿಗೆ ಹೋಗಿ ಕೇಳಿದರೆ ಹೊರೆಗಟ್ಟಲೆ ಕೊಟ್ಟು ಕಳಿಸುತ್ತಾರೆ, ಚೆನ್ನಾಗಿ ಒಣಗಿಸಬೇಕು ಅಷ್ಟೇ.

ಒಳಗಿನ ಬಿಸಿ 110ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ ನಿಲ್ಲಬೇಕು. ಅವತ್ತು ಅದು 90 ದಾಟಲು ಒದ್ದಾಡಿತು. ನಾನು ತೂತು ಪೂರ್ತಿ ತೆಗೆದೆ. ಮೂಡಣ ಗಾಳಿ ನೇರವಾಗಿ ಒಳಗೆ ನುಗ್ಗಿ ಕೆಂಡ ಭಗ್ ಅಂತ ಹತ್ತಿಕೊಂಡು 150ಕ್ಕೆ ಹೋಯಿತು. ಮುಚ್ಚಿದೆ, ಮತ್ತೆ 85. ಗಾಬರಿಯಲ್ಲಿ ಹತ್ತತ್ತು ನಿಮಿಷಕ್ಕೊಮ್ಮೆ ಮುಚ್ಚಳ ಬೇರೆ ತೆಗೆದು ನೋಡಿದೆ, ಇದ್ದಬದ್ದ ಬಿಸಿಯೂ ಹೋಯಿತು. ಗಾಳಿಯಿಲ್ಲದ ದಿನ ಡ್ರಮ್ಮಿನ ಮೈಗೆ ಅಂಟಿಕೊಂಡಂತೆ ಬಿಸಿಗಾಳಿಯ ಒಂದು ತೆಳು ಪದರ ಇರುತ್ತದೆ, ಶಾಲು ಹೊದ್ದ ಹಾಗೆ. ಜೋರು ಗಾಳಿ ಆ ಶಾಲನ್ನು ಕಿತ್ತುಕೊಂಡು ಹೋಗುತ್ತಲೇ ಇರುತ್ತದೆ, ಡ್ರಮ್ಮು ಹೊಸದು ನೇಯುತ್ತಲೇ ಇರಬೇಕು. ಇದ್ದಿಲೆಲ್ಲ ಅದಕ್ಕೇ ಖರ್ಚು.

ಮುಂದಿನ ವಾರ ನಾನು ಮಾಡಿದ ಮೊದಲ ಕೆಲಸ, ಹೇಳೋಕೆ ನಾಚಿಕೆ, ಅಟ್ಟದಲ್ಲಿದ್ದ ಅಜ್ಜನ ಕರೀ ಕಂಬಳಿ ತಂದು ಡ್ರಮ್ಮಿಗೆ ಸುತ್ತಿದ್ದು. ಉಣ್ಣೆ ಬೇಗ ಹತ್ತಿಕೊಳ್ಳಲ್ಲ ಅನ್ನುವ ಧೈರ್ಯ. ಹತ್ತಿಕೊಳ್ಳಲಿಲ್ಲ ನಿಜ. ಆದರೆ ಕೆಂಡದ ಬುಟ್ಟಿಯ ಎದುರಿಗಿದ್ದ ಭಾಗ ಮೆಲ್ಲಗೆ ಕರಟಿ, ಕೂದಲು ಸುಟ್ಟ ವಾಸನೆ ಬೀದಿಗೆಲ್ಲ ಹಬ್ಬಿತು. ಅಮ್ಮ ಎರಡು ದಿನ ಮಾತಾಡಿಸಲಿಲ್ಲ. ಪಕ್ಕದ ಮನೆ ಅಂಕಲ್ಲು "ಗೋಣಿಚೀಲ ಒದ್ದೆ ಮಾಡಿ ಸುತ್ತಪ್ಪ, ಸುಡಲ್ಲ" ಅಂದರು. ಸುಡಲಿಲ್ಲ, ಆದರೆ ಬಿಸಿಯೂ ಏರಲಿಲ್ಲ. ಒದ್ದೆ ಚೀಲ ಮಾಡುವ ಕೆಲಸ ಮಡಕೆ ನೀರು ತಣ್ಣಗಾಗುವ ಕೆಲಸವೇ ಅಲ್ವಾ, ನೀರು ಆವಿಯಾಗುತ್ತಾ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಮಾಂಸವೂ ಇದೇ ಆಟ ಆಡುತ್ತದೆ. ಒಳಗೆ 65-70 ಡಿಗ್ರಿ ಬಂದ ಮೇಲೆ ಬೆವರಿ ಬೆವರಿ ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಒಳಗೂ ಬೆವರು ಹೊರಗೂ ಒದ್ದೆ ಚೀಲ ಅಂದರೆ ಮುಗೀತು ಕಥೆ.

ಭಾವನ ಸಲಹೆ ಇನ್ನೂ ಚೆನ್ನಾಗಿತ್ತು: ಕೆಟ್ಟುಹೋದ ಸೋಲಾರ್ ಟ್ಯಾಂಕಿನ ಪಫ್ (ಬಿಸಿ ಹಿಡಿದಿಡುವ ಫೋಮ್) ಕಿತ್ತು ಅಂಟಿಸು, ಇಲ್ಲ ಕಾರ್ ಶೆಡ್ ಒಳಗೆ ತಳ್ಳಿ ಬಾಗಿಲು ಹಾಕಿಕೋ. ಎರಡೂ ಮಾಡಬೇಡಿ. ಪಫ್, ಥರ್ಮೋಕೋಲ್ ಎಲ್ಲ ಕೆಂಡದ ಹತ್ತಿರ ಹತ್ತಿಕೊಂಡು ಉರಿದು ವಿಷದ ಹೊಗೆ ಬಿಡುತ್ತವೆ. ಮುಚ್ಚಿದ ಶೆಡ್ಡಿನಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಪ್ರಾಣ ಹೋಗುವುದೂ ಗೊತ್ತಾಗಲ್ಲ.

ಕೊನೆಗೆ ಕೆಲಸ ಆಗಿದ್ದು ಹೀಗೆ. ಮೊದಲು ಗಾಳಿಗೆ ತಡೆ. ಹಿತ್ತಲಲ್ಲಿ ಬಿದ್ದಿದ್ದ ಎರಡು ಚಪ್ಪಡಿ ಕಲ್ಲನ್ನು ಪೂರ್ವಕ್ಕೊಂದು ಉತ್ತರಕ್ಕೊಂದು ಮೂಲೆ ಕೂಡುವ ಹಾಗೆ ನಿಲ್ಲಿಸಿ, ಬುಡ ಹೂತು, ಹಿಂದೆ ಹಾಲೋ ಬ್ಲಾಕ್ ಒರಗಿಸಿದೆ. ಡ್ರಮ್ಮಿನಿಂದ ಎರಡಡಿ ದೂರ ಇರಲಿ, ತೀರಾ ಹತ್ತಿರ ಇಟ್ಟರೆ ಕಾದು ಕಲ್ಲು ಬಿರಿಯಬಹುದು. ನಾಲ್ಕೂ ಕಡೆ ಮುಚ್ಚಬಾರದು, ಹೊಗೆ ಹೋಗೋಕೆ ದಾರಿ ಬೇಕು. ಇಷ್ಟಕ್ಕೇ ಅರ್ಧ ಸಮಸ್ಯೆ ಮುಗಿಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಆಮೇಲೆ ಹೊದಿಕೆ. ಬಾಯ್ಲರ್ ಪೈಪಿಗೆಲ್ಲ ಸುತ್ತುವ ರಾಕ್‌ವುಲ್ (ಕಲ್ಲು ಕರಗಿಸಿ ತೆಗೆದ ಎಳೆಗಳ ಹಾಸು) ಸಿಗುತ್ತದೆ, ಎರಡಿಂಚು ದಪ್ಪದ್ದು ತಂದು ಡ್ರಮ್ಮಿಗೆ ಒಂದು ಸುತ್ತು ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹಾಕಿ ಬೈಂಡಿಂಗ್ ವೈರಿನಲ್ಲಿ ಬಿಗಿದೆ. ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ನಾನು ಬನಿಯನ್ನಲ್ಲಿ ಕೂತು ಕತ್ತರಿಸಿ ರಾತ್ರಿಯೆಲ್ಲ ಮೈ ಕೆರೆದುಕೊಂಡೆ. ಎಳೆ ಯಾವುದೂ ಡ್ರಮ್ಮಿನ ಒಳಗೆ, ಮಾಂಸದ ಕಡೆಗೆ ಹೋಗಬಾರದು. ಗಾಳಿ ತೂತಿನ ಮೇಲಂತೂ ಹೊದಿಕೆ ಬರಲೇಬಾರದು. ಮುಚ್ಚಳದ ಸಂದಿನಿಂದ ಹೊಗೆ ಸೋರುತ್ತಿತ್ತು, ಅದಕ್ಕೆ ಗೋಧಿ ಕಣಕ ಮೆತ್ತಿದೆ, ದಮ್ ಬಿರಿಯಾನಿಗೆ ಮಾಡುವ ಹಾಗೆ. ಒಂದು ಲಾಭ ಏನಪ್ಪ ಅಂದರೆ, ಕಣಕ ಒಡೆಯಬೇಕಲ್ಲ ಅಂತ ಮುಚ್ಚಳ ತೆಗೆದು ಇಣುಕುವ ಚಟವೂ ಬಿಟ್ಟುಹೋಯಿತು.

ಇಷ್ಟೆಲ್ಲ ಮಾಡಿ ಮೊದಲ ಸಲ ಹಾಕಿದ ಕೋಳಿ ಕಹಿ. ಯಾಕೆ ಅಂತ ಹೊಳೆಯಲು ಎರಡು ದಿನ ಬೇಕಾಯಿತು. ಹಳೇ ಅಭ್ಯಾಸದಲ್ಲಿ ಬುಟ್ಟಿ ತುಂಬ ಕೆಂಡ ಮಾಡಿದ್ದೆ. ಈಗ ಬಿಸಿ ಹೊರಗೆ ಹೋಗಲ್ಲವಲ್ಲ, ಸೀದಾ 160ಕ್ಕೆ ಏರಿತು. ಇಳಿಸೋಣ ಅಂತ ತೂತೆಲ್ಲ ಮುಚ್ಚಿದೆ, ಬೆಂಕಿಗೆ ಉಸಿರು ಕಟ್ಟಿ ದಟ್ಟ ಬಿಳಿ ಹೊಗೆ ಎದ್ದಿತು. ಆ ಹೊಗೆಯೇ ಕಹಿ. ಕೊಳವೆಯಿಂದ ಬರುವ ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ, ಇದೆಯೋ ಇಲ್ಲವೋ ಅನ್ನುವ ಹಾಗಿರಬೇಕು. ಈಗ ಹೊತ್ತಿಸದ ಇದ್ದಿಲು ಬುಟ್ಟಿಗೆ ಹಾಕಿ, ಮೇಲೆ ಹತ್ತು ಹನ್ನೆರಡು ಕೆಂಡ ಮಾತ್ರ ಇಡುತ್ತೇನೆ. ಅದು ತಾನಾಗೇ ಕೆಳಗೆ ಹತ್ತಿಕೊಂಡು ಹೋಗುತ್ತದೆ. ಮೊದಲು ನಾಲ್ಕು ಕೆಜಿ ಇದ್ದಿಲು ತಿನ್ನುತ್ತಿದ್ದ ಡ್ರಮ್ಮಿಗೆ ಈಗ ಎರಡೂವರೆ ಸಾಕು.

ಥರ್ಮಾಮೀಟರ್ ಬಗ್ಗೆ ಒಂದು ಮಾತು. ಸರಿಯಿದೆಯಾ ನೋಡೋಣ ಅಂತ ಕುದಿಯುವ ನೀರಿಗೆ ಇಟ್ಟರೆ 97 ತೋರಿಸಿತು. ಅಂಗಡಿಯವನಿಗೆ ವಾಪಸ್ ಕೊಡೋಕೆ ಹೊರಟಿದ್ದೆ. ನಮ್ಮ ಎತ್ತರಕ್ಕೆ ನೀರು ಕುದಿಯುವುದೇ ಹೆಚ್ಚುಕಮ್ಮಿ 97ಕ್ಕೆ, ಮೀಟರ್ ಸರಿಯಾಗೇ ಇತ್ತು. ಕೋಳಿಯಾದರೆ ಮೂಳೆ ಹತ್ತಿರ 74 ಡಿಗ್ರಿ ಬರಲೇಬೇಕು. ಕುರಿ ಮುಂಗಾಲು ಎಳೆದರೆ ಬಿಡಿಸಿಕೊಳ್ಳಬೇಕು ಅಂದರೆ 90 ದಾಟಿಸಿ.

ತಣ್ಣಗಾದ ಮೇಲೆ ಹೊದಿಕೆ ಬಿಚ್ಚಿ ಒಳಗಿಡಿ. ಒಂದು ವಾರ ಸುಮ್ನೆ ಹಾಗೇ ಬಿಟ್ಟೆ, ಇಬ್ಬನಿ ಇಳಿದು ರಾಕ್‌ವುಲ್ ನೆನೆದು ಡ್ರಮ್ಮಿನ ಮೈಗೆ ತುಕ್ಕು ಹಿಡಿದಿತ್ತು, ಗೀಚಿ ತೆಗೆಯಲು ಭಾನುವಾರ ಪೂರ್ತಿ ಹೋಯಿತು.

ಮುಚ್ಚಳಕ್ಕೆ ಮಾತ್ರ ಸರಿಯಾದ ಹೊದಿಕೆ ಇನ್ನೂ ಮಾಡಿಲ್ಲ. ಬಿಸಿ ಮೇಲಕ್ಕೇ ಏರುವುದರಿಂದ ಅಲ್ಲಿಂದ ಇನ್ನೂ ಸೋರುತ್ತಿದೆ. ಆದರೆ ಅಲ್ಲಿಗೆ ಕೆಂಡ ದೂರ, ಉಣ್ಣೆ ಕರಟುವಷ್ಟು ಕಾಯುವುದಿಲ್ಲ. ಕಂಬಳಿಯ ಸುಡದೆ ಉಳಿದ ಅರ್ಧವನ್ನು ಕತ್ತರಿಸಿ ಮಡಚಿ, ಹೊಗೆ ಕೊಳವೆಯಿಂದ ಒಂದು ಗೇಣು ದೂರಕ್ಕೆ ಹಾಕುತ್ತಿದ್ದೇನೆ. ಅಮ್ಮ ಹಿತ್ತಲ ಬಾಗಿಲು ತೆಗೆದ ಸದ್ದು ಕೇಳಿದರೆ ಎತ್ತಿ ಚಪ್ಪಡಿ ಹಿಂದೆ ಇಡುತ್ತೇನೆ.