ಮುಳ್ಳು 4800 ಅಂದಿತ್ತು, ಇಂಜಿನ್ 7200ರಲ್ಲಿತ್ತು

ಇಂಜಿನ್ ಬದಲಿಸಿದ ಕಾರುಗಳಿಗೆ ವೈರಿಂಗ್ ಹಾಕಿ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಟ್ಯೂನ್ ಮಾಡುವುದು ನನ್ನ ಕೆಲಸ. ಇಷ್ಟು ವರ್ಷ ಮಾಡಿದ ಮೇಲೂ ಒಂದು ಸಲ ಎಂಥ ದಡ್ಡತನ ಮಾಡಿದೆ ಅಂದರೆ, ಆ ಕಾರಿನ ಓನರ್ ಫೋನ್ ಬಂದರೆ ಈಗಲೂ ಸ್ವಲ್ಪ ಮುಜುಗರ ಆಗುತ್ತದೆ.

ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಕಂಪನಿಯಿಂದ ಬಂದಾಗ ಅದರಲ್ಲಿ ಆರು ಸಿಲಿಂಡರ್ ಇಂಜಿನ್ ಇತ್ತು. ಅದನ್ನು ಇಳಿಸಿ ಹೋಂಡಾದ ಕೆ24 ಕೂರಿಸಿದ್ದರು. ನಾಲ್ಕು ಸಿಲಿಂಡರ್, 2.4 ಲೀಟರ್, ಒಳಗಡೆ ಏನೂ ಮುಟ್ಟಿರಲಿಲ್ಲ. ನಾನು ರೆವ್ ಲಿಮಿಟ್, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ದಾಟಬಾರದು ಅನ್ನುವ ಮಿತಿ, 7200ಕ್ಕೆ ಇಟ್ಟು ಕಾರು ಕೊಟ್ಟೆ.

ಎರಡೇ ದಿನಕ್ಕೆ ಫೋನ್. "ಸಾರ್, 4800ಕ್ಕೇ ಕಟ್ ಆಗ್ತಿದೆ. ಹಳೇ ಇಂಜಿನ್ನೇ ಇದಕ್ಕಿಂತ ಮೇಲೆ ಹೋಗ್ತಿತ್ತಲ್ವಾ?"

ನನ್ನ ತಲೆ ಸೀದಾ ಕ್ರ್ಯಾಂಕ್ ಸೆನ್ಸರ್ ಕಡೆ ಹೋಯಿತು. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್ ಕ್ರ್ಯಾಂಕ್, ಅದರ ಸುತ್ತನ್ನು ಇಸಿಯುಗೆ ತಿಳಿಸುವುದು ಈ ಸೆನ್ಸರ್. ಅದರ ವೈರಿನಲ್ಲಿ ನಾಯ್ಸ್ ಬಂದರೆ ಇಸಿಯು ಲೆಕ್ಕ ತಪ್ಪಿ ಇಂಜಿನ್ ಮಧ್ಯದಲ್ಲೇ ಮುಗ್ಗರಿಸುತ್ತದೆ, ಅಂಥದ್ದನ್ನು ಬೇಕಾದಷ್ಟು ನೋಡಿದ್ದೆ. ಲಿಮಿಟರ್‌ದು ಏನೂ ತಪ್ಪಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳೋಣ ಅಂದುಕೊಂಡು, ಲಿಮಿಟ್ 7800 ಮಾಡಿ ಹೊಸ ಮ್ಯಾಪ್ (ಇಸಿಯು ಸೆಟ್ಟಿಂಗ್‌ಗಳ ಫೈಲ್) ಕಳಿಸಿಬಿಟ್ಟೆ. ಇಸಿಯು ದಾಖಲಿಸಿದ ಅಂಕಿಗಳ ಲಾಗ್ ಕಳಿಸಿ ಅಂತ ಕೇಳಲಿಲ್ಲ. ಎಡವಿದ್ದು ಅಲ್ಲೇ.

ಸಂಜೆ ಮತ್ತೆ ಫೋನ್. "ಈಗ ಪರವಾಗಿಲ್ಲ ಸಾರ್, 5200ವರೆಗೂ ಹೋಗ್ತಿದೆ."

ನಾನು ಏರಿಸಿದ್ದು 600. ಡ್ಯಾಶ್‌ನ ಆರ್‌ಪಿಎಂ ಮೀಟರಿನ ಮುಳ್ಳು ಏರಿದ್ದು 400. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ಕೆಳಗಿಟ್ಟು 5200ನ್ನು ಒಂದೂವರೆಯಿಂದ ಗುಣಿಸಿ ನೋಡಿದೆ. 7800. ಎದೆ ಧಸಕ್ಕೆಂದಿತು. ಇಂಜಿನ್ ನಿಜವಾಗಿಯೂ 7800 ಸುತ್ತುತ್ತಿತ್ತು, ಆ ಮನುಷ್ಯ ಇನ್ನೂ ಸಾಲದು ಅಂತ ಆಕ್ಸಿಲರೇಟರ್ ತುಳಿಯುತ್ತಲೇ ಇದ್ದರು.

ಆಗಿದ್ದು ಇಷ್ಟೇ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಕಿಡಿ ಹಾರಿಸುತ್ತದೆ, ಆರು ಸಿಲಿಂಡರಿನದು ಮೂರು ಸಲ. ಹಳೆಯ ಆರ್‌ಪಿಎಂ ಮೀಟರ್ ಇದೇ ಕಿಡಿಗಳ ಪಲ್ಸ್‌ಗಳನ್ನು ಎಣಿಸುತ್ತದೆ. ಆ ಮೀಟರ್ ಸುತ್ತಿಗೆ ಮೂರು ಪಲ್ಸ್ ಬರುತ್ತದೆ ಅಂತ ಕಾದು ಕೂತಿತ್ತು, ಹೊಸ ಇಸಿಯು ಕೊಡುತ್ತಿದ್ದದ್ದು ಎರಡು. ಹಾಗಾಗಿ ಮೂರರಲ್ಲಿ ಎರಡು ಪಾಲು ಮಾತ್ರ ತೋರಿಸುತ್ತಿತ್ತು. ಇದು ಉಲ್ಟಾ ಆಗಿದ್ದರೆ ಅಪಾಯ ಇಲ್ಲ. ನಾಲ್ಕು ಸಿಲಿಂಡರ್ ಕಾರಿಗೆ ವಿ8 ಹಾಕಿದರೆ 3000ಕ್ಕೇ ಮುಳ್ಳು 6000 ತೋರಿಸಿ ಹೆದರಿಸುತ್ತದೆ, ಓನರ್ ಬೈಯುತ್ತಾರೆ, ಮುಗಿಯಿತು. ಕಮ್ಮಿ ತೋರಿಸುವ ಮೀಟರ್ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

7200ಕ್ಕೂ 7800ಕ್ಕೂ ಅಂಥ ವ್ಯತ್ಯಾಸ ಏನು ಅಂತ ಕೇಳಬಹುದು. ಕೆ24ರ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 99 ಮಿ.ಮೀ. ಒಂದು ಸುತ್ತಿನಲ್ಲಿ ಪಿಸ್ಟನ್ ಅಷ್ಟು ದೂರ ಮೇಲೆ ಹೋಗಿ ಅಷ್ಟೇ ದೂರ ಕೆಳಗೆ ಬರಬೇಕು. 7200ರಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 23.8 ಮೀಟರ್, 7800ರಲ್ಲಿ 25.7. ಹೋಂಡಾ ತಾನೇ ಏನು ಮಾಡಿತು ನೋಡಿ. ಎಸ್2000 ಕಾರಿನ ಮೊದಲ ಇಂಜಿನ್ ಎಫ್20ಸಿ, ಸ್ಟ್ರೋಕ್ 84 ಮಿ.ಮೀ., ಅಲ್ಲಿ 9000ವರೆಗೆ ಬಿಟ್ಟಿತ್ತು. ಸೆಕೆಂಡಿಗೆ 25.2 ಮೀಟರ್ ಬರುತ್ತದೆ. ಆಮೇಲೆ 2.2 ಲೀಟರ್ ಮಾಡಿ ಸ್ಟ್ರೋಕ್ 90.7ಕ್ಕೆ ಏರಿಸಿದಾಗ ಕೆಂಪು ಗೆರೆಯನ್ನು, ಅಂದರೆ ಮೀಟರಿನಲ್ಲಿ ತೋರಿಸುವ ಮಿತಿಯನ್ನು, 8000ಕ್ಕೆ ಇಳಿಸಿತು. ಅಂದರೆ ನಾನು ಒಂದು ಮಾಮೂಲಿ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇದ್ದ) ಕೆ24ನ್ನು, 9000 ಸುತ್ತಲೆಂದೇ ಕಟ್ಟಿದ ಇಂಜಿನ್‌ಗಿಂತ ಜಾಸ್ತಿ ಪಿಸ್ಟನ್ ವೇಗಕ್ಕೆ ಓಡಿಸಿದ್ದೆ. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್ ಮೇಲಿನ ಎಳೆತ ಆರ್‌ಪಿಎಂ ವರ್ಗದ ಲೆಕ್ಕದಲ್ಲಿ ಏರುತ್ತದೆ, 600 ಅನ್ನೋದು ಕೇಳೋಕೆ ಸಣ್ಣದು, ಎಳೆತ ಏರಿದ್ದು ಶೇ 17.

ಹಾಗಂತ ಪಿಸ್ಟನ್ ವೇಗವೊಂದನ್ನೇ ನೋಡಿ ಲಿಮಿಟ್ ಇಡೋಕೂ ಆಗಲ್ಲ. ಮಾಜ್ದಾ ಆರ್‌ಎಕ್ಸ್-7ಗೆ ಎಲ್‌ಎಸ್1 ವಿ8 ಹಾಕುವವರು ತುಂಬ ಜನ. ಸ್ಟಾಕ್ ಎಲ್‌ಎಸ್1 6200ರ ಹತ್ತಿರ ನಿಲ್ಲುತ್ತದೆ, ಪಿಸ್ಟನ್ ವೇಗ ಆಗ 19 ಮೀಟರ್ ಅಷ್ಟೇ. ಅಲ್ಲಿ ಮೊದಲು ಸೋಲುವುದು ವಾಲ್ವ್‌ಗಳನ್ನು ತೆರೆದು ಮುಚ್ಚುವ ಮೇಲಿನ ಭಾಗ. ಪುಶ್‌ರಾಡ್, ಲಿಫ್ಟರ್, ವಾಲ್ವ್ ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ ವಾಲ್ವ್ ತನ್ನನ್ನು ತೆರೆಯುವ ಕ್ಯಾಮ್ ಹಿಂದೆ ಸರಿಯಾಗಿ ಬರದೆ ತೇಲುತ್ತದೆ. ಆರ್‌ಎಕ್ಸ್-7ರ ಹಳೇ ಮೀಟರಿನಲ್ಲಿ ಕೆಂಪು ಶುರುವಾಗುವುದು 8000ಕ್ಕೆ, ಡ್ರೈವರ್ ಕಣ್ಣಿಗೆ ಇನ್ನೂ ಬೇಕಾದಷ್ಟು ಜಾಗ ಇದೆ ಅನಿಸುತ್ತದೆ.

ನಮ್ಮ ಕೆ24ರಲ್ಲಿ ನನಗೆ ಜಾಸ್ತಿ ಭಯ ಇದ್ದದ್ದು ಆಯಿಲ್ ಪಂಪ್ ಬಗ್ಗೆ. ಅದರ ಜೊತೆಗೇ ಇಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗಳು ಇರುತ್ತವೆ, ಅವು ಕ್ರ್ಯಾಂಕ್‌ನ ಎರಡು ಪಟ್ಟು ವೇಗದಲ್ಲಿ ಸುತ್ತುತ್ತವೆ. 7800ರಲ್ಲಿ ಅವು 15,600. ಕಾರು ವಾಪಸ್ ಬಂದ ಮೇಲೆ ಲಾಗ್ ತೆಗೆದರೆ, 7400 ದಾಟಿದ ಮೇಲೆ ಆಯಿಲ್ ಪ್ರೆಶರ್ ಗೆರೆ ನಡುಗುತ್ತಾ ಇಳಿಯುತ್ತಿತ್ತು. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದೆ. ಮಡಿಕೆಗಳಲ್ಲಿ ಲೋಹದ ಪುಡಿ ಸಣ್ಣಗೆ ಮಿಣಮಿಣ. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ ನೋಡಿದಾಗ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯ ಒಂದು ಬಿಗ್ ಎಂಡ್ ಬೇರಿಂಗ್ ಸವೆದು ಕೆಳಗಿನ ಲೋಹ ಕಾಣುತ್ತಿತ್ತು. ಕ್ರ್ಯಾಂಕ್ ಪುಣ್ಯಕ್ಕೆ ಉಳಿದಿತ್ತು. ಬೇರಿಂಗ್‌ಗಳ ಖರ್ಚು ನಾನೇ ಕೊಟ್ಟೆ, ಕೊಡಲೇಬೇಕಿತ್ತು.

ಈಗ ಕಾರು ಸ್ಟಾರ್ಟ್ ಆದ ತಕ್ಷಣ ಮಾಡುವ ಮೊದಲ ಕೆಲಸ, 3000ಕ್ಕೆ ಹಿಡಿದು ಲ್ಯಾಪ್‌ಟಾಪ್‌ನ ಅಂಕಿ ಮತ್ತು ಡ್ಯಾಶ್‌ನ ಮುಳ್ಳು ಪಕ್ಕಪಕ್ಕದಲ್ಲಿ ಬರುವಂತೆ ಒಂದು ಫೋಟೋ. ಒಂದು ನಿಮಿಷದ ಕೆಲಸ. ಲಿಮಿಟ್ ಎರಡು ಹಂತದಲ್ಲಿ ಇಡುತ್ತೇನೆ, 7000ದಿಂದ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದು ಮೆತ್ತಗೆ ತಡೆಯುವುದು, 7200ಕ್ಕೆ ಪೂರ್ತಿ ಕಟ್. ಕಟ್ ಅಂದರೆ ಫ್ಯೂಯೆಲ್ ಕಟ್. ಕಿಡಿ ನಿಲ್ಲಿಸಿದರೆ ಪಟಾಕಿ ಸದ್ದು ಚೆನ್ನಾಗಿ ಬರುತ್ತದೆ ನಿಜ, ಉರಿಯದ ಪೆಟ್ರೋಲ್ ಎಲ್ಲ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಆಯಿಲ್ ಬಿಸಿಯಾಗುವ ತನಕ 4500, ಅದರ ಮೇಲೆ ಬಿಡುವುದಿಲ್ಲ.

ಇದೆಲ್ಲ ಮಾಡಿದರೂ ತಪ್ಪು ಗೇರ್‌ನಿಂದ ಲಿಮಿಟರ್ ಕಾಪಾಡಲ್ಲ, ಇದನ್ನು ಓನರ್‌ಗೆ ಕೂರಿಸಿ ಹೇಳುತ್ತೇನೆ. ಮೂರನೇ ಗೇರ್ ಅನುಪಾತ 1.4, ಎರಡನೆಯದು 2.0 ಅಂದುಕೊಳ್ಳಿ. ಮೂರರಲ್ಲಿ 6500 ಇದ್ದಾಗ ನಾಲ್ಕು ಅಂತ ಎರಡಕ್ಕೆ ಎಳೆದು ಕ್ಲಚ್ ಬಿಟ್ಟರೆ ಚಕ್ರಗಳೇ ಇಂಜಿನ್ನನ್ನು 9300ರ ಹತ್ತಿರ ತಿರುಗಿಸಿಬಿಡುತ್ತವೆ. ಪೆಟ್ರೋಲ್ ನಿಲ್ಲಿಸಿ ಏನು ಪ್ರಯೋಜನ? ಗೇರ್‌ಬಾಕ್ಸ್ ಕೂಡ ಬದಲಾಗಿದ್ದರೆ ಕೈಗೆ ಹಳೇ ಅಭ್ಯಾಸ ಬೇರೆ ಇರುತ್ತದೆ.

ಕೊನೆಗೆ ಇಸಿಯು ಸೆಟ್ಟಿಂಗ್‌ನಲ್ಲಿ ಸುತ್ತಿಗೆ ಮೂರು ಪಲ್ಸ್ ಮಾಡಿದೆ, ಮುಳ್ಳು ಸರಿಹೋಯಿತು. ಮೂರು ದಿನ ಬಿಟ್ಟು ಮತ್ತೆ ಫೋನ್. "ಸಾರ್, ಈಗ ಮುಳ್ಳು ಕೆಂಪೊಳಗೆ ಹೋಗ್ತಿದೆ, ಏನಾದ್ರೂ ತೊಂದರೆನಾ?" ಹಳೇ ಇಂಜಿನ್ನಿನ ಕೆಂಪು 6500ಕ್ಕೇ ಶುರು, ಅದನ್ನು ಹೇಳೋಕೆ ಮರೆತಿದ್ದೆ. ಬರೋಕೆ ಹೇಳಿ ಮೀಟರ್ ಗಾಜಿನ ಮೇಲೆ 7000ದ ಹತ್ತಿರ ಹಳದಿ ಟೇಪಿನ ಒಂದು ಸಣ್ಣ ಚೂರು ಅಂಟಿಸಿ ಕಳಿಸಿದೆ.