ಬೀಜ ಗಲಗಲ ಅಂದ್ರೆ ಅದು ಈಜೋ ಬುರುಡೆ

ಹೋದ ತಿಂಗಳು ಊರಲ್ಲಿ ಹಳೇ ಮನೆ ಕೆಡವೋ ಕೆಲಸ ಶುರುವಾಯ್ತು. ನಮ್ಮೂರು ಬಾಗಲಕೋಟೆ ಕಡೆ, ಕೃಷ್ಣಾ ಹೊಳೆಗೆ ಹತ್ರ. ಮಣ್ಣಿನ ಮಾಳಿಗೆ ಮನೆ, ಅಟ್ಟ ಖಾಲಿ ಮಾಡೋದು ನನ್ನ ಪಾಲಿಗೆ ಬಂತು, ಹಗ್ಗ, ಮುರಿದ ಕೂರಿಗೆ, ತುಕ್ಕು ಹಿಡಿದ ಡಬ್ಬಿ, ಒಂದು ಮೂಲೆಯಲ್ಲಿ ಮಸಿ ಹಿಡಿದು ಕಪ್ಪಾಗಿದ್ದ ಮೂರು ಸೋರೆ ಬುರುಡೆ, ಪಕ್ಕದಲ್ಲೇ ಹಗ್ಗಕ್ಕೆ ಪೋಣಿಸಿದ್ದ ನಾಲ್ಕು ಬೆಂಡಿನ ತುಂಡು. ಬುರುಡೆ ನೋಡಿ ನನಗೆ ಮೊದಲು ಹೊಳೆದಿದ್ದು ತಂಬೂರಿ, ಯಾಕಂದ್ರೆ ಮಿರಜ್‌ನಲ್ಲಿ ಸಿತಾರ್, ತಂಬೂರಿ ಮಾಡೋರು ಇಂಥ ಒಣಗಿದ ಬುರುಡೆಯಿಂದಾನೇ ಮಾಡೋದು, ನಮ್ಮ ಮುತ್ಯಾ, ಅಂದ್ರೆ ಅಜ್ಜ, ಭಜನೆಗೆ ಬೇರೆ ಹೋಗ್ತಿದ್ರು. ಕೆಲಸಕ್ಕೆ ಬಂದಿದ್ದ ಹುಡುಗರು ಅಷ್ಟರಲ್ಲಿ ಬೆಂಡಿನ ಎರಡು ತುಂಡು ಒಲೆಗೆ ಹಾಕಿಬಿಟ್ಟಿದ್ರು. ಈಗಲೂ ನೆನಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

ಕಾಕಾಗೆ ತೋರಿಸಿದೆ. ಅವರಿಗೆ ಎಪ್ಪತ್ತು ದಾಟಿದೆ, ಕಣ್ಣು ಸರಿಯಾಗಿ ಕಾಣಲ್ಲ, ಆದ್ರೂ ಕೈಗೆ ಕೊಟ್ಟ ತಕ್ಷಣ ಮುಖ ಅರಳ್ತು.

"ಏ ತಮ್ಮಾ, ಮೊದಲ ಕಿವಿ ಹತ್ರ ಹಿಡದು ಅಳ್ಳಾಡ್ಸಿ ನೋಡು. ಬೀಜ ಗಲಗಲ ಅಂತಾವಲ್ಲ, ಇದು ಈಜಾಕ ಮಾಡಿದ್ದು."

ಎರಡು ಬುರುಡೆ ಗಲಗಲ ಅಂದ್ವು, ಮೂರನೇದು ಸುಮ್ಮನಿತ್ತು. ವಿಷಯ ಇಷ್ಟೇ. ಬಿತ್ತನೆ ಬೀಜ ಇಡೋಕೆ, ಹೊಲಕ್ಕೆ ನೀರು ಒಯ್ಯೋಕೆ ಮಾಡೋ ಬುರುಡೆಗೆ ಬಾಯಿ ಕೊರೆದು ಒಳಗಿನ ಬೀಜ, ತಿರುಳು ಎಲ್ಲಾ ತೆಗೀತಾರೆ, ಮುಚ್ಚಳಕ್ಕೆ ಒಂದು ಬಿರಡೆ ಇಡ್ತಾರೆ. ತೇಲೋ ಬುರುಡೆಗೆ ಮಾತ್ರ ತೂತು ಮಾಡೋ ಹಾಗೇ ಇಲ್ಲ. ಬಳ್ಳಿಯಲ್ಲೇ ಬಲಿಯೋಕೆ ಬಿಟ್ಟು, ತೊಟ್ಟು ಸಮೇತ ಕಿತ್ತು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸ್ತಾರೆ, ಒಳಗಿನ ತಿರುಳು ಅಲ್ಲೇ ಒಣಗಿ ಬೀಜ ಬಿಡಿಬಿಡಿಯಾಗುತ್ತೆ. ಅದಕ್ಕೇ ಆ ಸದ್ದು. ಅಷ್ಟು ವರ್ಷದಿಂದ ಅಟ್ಟದ ಮೇಲೆ ಬಿದ್ದಿದ್ದ ಬುರುಡೆಯೊಳಗೆ ಬೀಜ ಇನ್ನೂ ಹಾಗೇ ಇದ್ವು.

ಆಮೇಲೆ ಬಟ್ಟೆ ತಗೊಂಡು ಒರೆಸ್ತಾ ಕೂತೆ. ಎರಡೂ ಬುರುಡೆ ನಡುವಲ್ಲಿ ಸಣ್ಣ, ಡಮರು ಥರ, ಆ ಸಣ್ಣ ಜಾಗದಲ್ಲಿ ಹಗ್ಗ ತಿಕ್ಕಿ ತಿಕ್ಕಿ ಉಗುರು ಕೂರುವಷ್ಟು ಗೆರೆ ಬಿದ್ದಿದೆ, ಒಂದರಲ್ಲಿ ಪುಂಡಿ ನಾರಿನ ಹಗ್ಗದ ಎಳೆ ಇನ್ನೂ ಅಂಟಿಕೊಂಡಿತ್ತು. ಮೇಲೆಲ್ಲಾ ಮಸಿ, ಆದ್ರೆ ಎರಡರಲ್ಲೂ ಒಂದು ಪಕ್ಕ ಮಾತ್ರ ನುಣುಪಾಗಿ ಹೊಳೀತಿತ್ತು. ಅದು ಯಾಕೆ ಅಂತ ಕಾಕಾ ಮೈಮೇಲೆ ಇಟ್ಟು ತೋರಿಸಿದ್ರು. ಎದೆ ಕೆಳಗೆ ಅಗಲದ ಪಟ್ಟಿ ಬರುತ್ತೆ, ಅದರ ಎರಡು ತುದಿಗೆ ಒಂದೊಂದು ಬುರುಡೆ, ಕಂಕುಳ ಕೆಳಗೆ ಕೂತ್ಕೊಳ್ಳುತ್ತೆ, ನುಣುಪಾಗಿದ್ದು ಪಕ್ಕೆಲುಬಿಗೆ ತಾಗ್ತಿದ್ದ ಭಾಗ.

ನನಗೆ ಇನ್ನೂ ನಂಬಿಕೆ ಬರಲಿಲ್ಲ, ಇಷ್ಟು ಹಗುರದ್ದು ಒಬ್ಬ ಆಳನ್ನ ಹೇಗೆ ಹೊರುತ್ತೆ ಅಂತ. ತಕ್ಕಡಿಗೆ ಇಟ್ರೆ ದೊಡ್ಡದು 600 ಗ್ರಾಮ್. ತುಂಬಿದ ಬಕೆಟ್‌ನಲ್ಲಿ ಪೂರ್ತಿ ಮುಳುಗಿಸಿ ಚೆಲ್ಲಿದ ನೀರು ಹಿಡಿದು ಅಳೆದೆ, ಹತ್ರ ಹತ್ರ 7 ಲೀಟರ್. ಅಂದ್ರೆ ಒಂದೇ ಬುರುಡೆ 6 ಕೆಜಿ ಮೇಲೆ ಎತ್ತುತ್ತೆ! ನೀರೊಳಗೆ ನಮ್ಮ ಮೈ ಹೆಚ್ಚುಕಮ್ಮಿ ತಾನೇ ತೇಲುತ್ತೆ, ಎತ್ತಿ ಹಿಡಿಬೇಕಾಗಿರೋದು ತಲೆ ಒಂದನ್ನ, ಅದು 4-5 ಕೆಜಿ. ಲೆಕ್ಕ ಗೊತ್ತಿಲ್ಲದ ಮುತ್ಯಾ ಕೈ ಅಂದಾಜಲ್ಲೇ ಎರಡು ಬುರುಡೆ ಆರಿಸಿ ಕಟ್ಟಿದ್ರಲ್ಲ, ನನಗಂತೂ ಮೈ ಜುಮ್ ಅಂತು.

ಇದನ್ನ ಬರೀ ಹುಡುಗರ ಆಟದ ಸಾಮಾನು ಅನ್ಕೋಬೇಡಿ. 2013ರಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಿಂದ ಒಂಬತ್ತು ತಿಂಗಳ ಗರ್ಭಿಣಿ ಒಬ್ರು ಹೆರಿಗೆಗೆ ಅಂತ ತುಂಬಿ ಹರೀತಿದ್ದ ಕೃಷ್ಣೆಯನ್ನ ಈಜಿ ದಾಟಿದ್ರು, ಮೈಗೆ ಕಟ್ಟಿಕೊಂಡಿದ್ದು ಒಣಗಿದ ಬುರುಡೆ ಮತ್ತೆ ಬಾಟಲಿ. ಆವಾಗ ಪೇಪರಲ್ಲಿ ಓದಿ ಅಯ್ಯೋ ಪಾಪ ಅಂದು ಮರೆತಿದ್ದೆ. ಈಗ ಬುರುಡೆ ಕೈಯಲ್ಲಿ ಹಿಡ್ಕೊಂಡಾಗ ಅವರು ಯಾವುದನ್ನ ನಂಬಿ ನೀರಿಗಿಳಿದ್ರು ಅಂತ ಅರ್ಥ ಆಯ್ತು.

ಬೆಂಡಿನ ಕಥೆ ಸಣ್ಣದು. ಕತ್ತಾಳೆ ಹೂ ಬಿಡೋವಾಗ ನಡುವಿಂದ ಎತ್ತರಕ್ಕೆ ಏಳುತ್ತಲ್ಲ ಕಂಬ, ಅದು ಒಣಗಿದ್ರೆ ಬೆಂಡು. ಈಜು ಕಲಿಯೋ ಮಗುವಿನ ಬೆನ್ನಿಗೆ ನಾಲ್ಕು ತುಂಡು ಕಟ್ಟಿ ಬಾವಿಗೆ ದಬ್ಬೋದು, ಕೈಕಾಲು ಬಡಿಯೋದು ಬಂದ ಹಾಗೆ ಒಂದೊಂದೇ ತುಂಡು ಬಿಚ್ಚೋದು. ಉಳಿದ ಹಗ್ಗದ ಕುಣಿಕೆ ಅಳೆದೆ, 21 ಇಂಚು. ಎಂಟು ವರ್ಷದ ಮಗುವಿನ ಸೊಂಟ.

"ನಿಮ್ದಾ ಕಾಕಾ?"

"ನಂದಲ್ಲೋ, ನಿಮ್ಮ ಅತ್ತೀದು. ನನಗಿಂತ ಮೊದಲ ಆಕಿನ ಬೆಂಡ್ ಬಿಚ್ಚಿದ್ದು."

ಅತ್ತೆ ಈಜ್ತಿದ್ರು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಕೇಳಿದ್ದು ಒಂದೇ, "ಹಗ್ಗದಾಗ ಕೆಂಪು ಅರಿವಿ ಸುತ್ತೇತೇನ್ ನೋಡು, ಸೊಂಟಾ ತರಚ್ತದ ಅಂತ ಅಪ್ಪ ಸುತ್ತಿದ್ದ." ನೋಡಿದೆ. ಮಸಿ ಕೆಳಗೆ ಕೆಂಪು ಬಟ್ಟೆ ಇತ್ತು.